ಹೊಣೆ ಹೊತ್ತ ಅಣು

1960ರ ದಶಕದ ನಡುವಿನ ವರ್ಷಗಳಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಾಲ್ ಸ್ಪೀಗಲ್‌ಮನ್ ಮತ್ತು ಅವರ ಸಂಗಡಿಗರು ಒಂದು ಅಣುವಿಗೆ ಎಲ್ಲ ಸುಖವನ್ನೂ ಕೊಟ್ಟು ನೋಡಿದರು. ಆ ಅಣು ಕ್ಯೂ-ಬೀಟಾ ಎಂಬ ವೈರಸ್ಸಿನದು. ಬ್ಯಾಕ್ಟೀರಿಯಾಗಳ ಒಳಹೊಕ್ಕು ಬದುಕುವ ಈ ವೈರಸ್ಸಿನ ಆಸ್ತಿಪಾಸ್ತಿಯೆಲ್ಲ ಸುಮಾರು 4,200 ಅಕ್ಷರಗಳ ಒಂದೇ ಆರ್‌ಎನ್‌ಎ ಎಳೆಯಲ್ಲಿದೆ. ಅಕ್ಷರ ಎಂದರೆ ಇಲ್ಲಿ ನ್ಯೂಕ್ಲಿಯೋಟೈಡ್. ಅವು ನಾಲ್ಕೇ ಬಗೆ. ಬ್ಯಾಕ್ಟೀರಿಯಾವನ್ನು ಹುಡುಕಿ ಅಂಟಿಕೊಳ್ಳುವುದು, ತನಗೊಂದು ಪ್ರೋಟೀನ್ ಕವಚ ಮಾಡಿಸಿಕೊಳ್ಳುವುದು, ತನ್ನನ್ನು ನಕಲು ಮಾಡುವ ರೆಪ್ಲಿಕೇಸ್ ಕಿಣ್ವವನ್ನು ಆತಿಥೇಯನ ಕೈಯಲ್ಲಿ ತಯಾರಿಸಿಕೊಳ್ಳುವುದು, ಎಲ್ಲದಕ್ಕೂ ಬೇಕಾದ ಬರಹ ಅಷ್ಟರಲ್ಲೇ ಅಡಗಿದೆ.

ಸ್ಪೀಗಲ್‌ಮನ್ ಅದನ್ನು ಬ್ಯಾಕ್ಟೀರಿಯಾದ ಹೊರಗೆ, ಗಾಜಿನ ಪ್ರನಾಳದಲ್ಲಿ ಇಟ್ಟರು. ನಕಲು ಮಾಡುವ ಕಿಣ್ವವನ್ನು ಸಿದ್ಧ ಮಾಡಿ ಹಾಕಿದರು. ಬಿಡಿ ಅಕ್ಷರಗಳನ್ನು ಧಾರಾಳವಾಗಿ ಸುರಿದರು, ಲವಣವನ್ನು ಹದವಾಗಿ ಬೆರೆಸಿದರು. ನಕಲುಗಳು ಹೆಚ್ಚಿದ ಮೇಲೆ ಆ ದ್ರಾವಣದ ಒಂದಿಷ್ಟನ್ನು ತೆಗೆದು, ಹೊಸ ಕಿಣ್ವ, ಹೊಸ ಅಕ್ಷರಗಳಿರುವ ಎರಡನೆಯ ಪ್ರನಾಳಕ್ಕೆ ಹಾಕಿದರು. ಅಲ್ಲಿಂದ ಮೂರನೆಯದಕ್ಕೆ. ಹೀಗೆ 74 ಸಲ. ಬರಬರುತ್ತ ಎರಡು ವರ್ಗಾವಣೆಗಳ ನಡುವಿನ ಸಮಯವನ್ನೂ ಕಡಿಮೆ ಮಾಡುತ್ತ ಹೋದರು. ಬೇಗ ನಕಲಾಗುವುದೊಂದೇ ಅಲ್ಲಿದ್ದ ಕಟ್ಟಳೆ. 1967ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕೊನೆಯ ಪ್ರನಾಳದಲ್ಲಿದ್ದ ಅಣು ತನ್ನ ಉದ್ದದ ಶೇಕಡ 83ರಷ್ಟನ್ನು ಕಳಚಿಕೊಂಡಿತ್ತು. ಕವಚದ ಬರಹ ಹೋಗಿತ್ತು, ಕಿಣ್ವದ ಬರಹ ಹೋಗಿತ್ತು. ಬ್ಯಾಕ್ಟೀರಿಯಾದ ಎದುರು ಅದು ಏನೂ ಮಾಡಲಾರದ್ದಾಗಿತ್ತು. ಆದರೆ ನಕಲಾಗುವ ವೇಗದಲ್ಲಿ ಮೂಲ ಅಣು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಮುಂದೆ ವಿಜ್ಞಾನಿಗಳ ನಡುವೆ ಇದಕ್ಕೆ ‘ಸ್ಪೀಗಲ್‌ಮನ್ನರ ರಾಕ್ಷಸ’ ಎಂಬ ಹೆಸರೇ ನಿಂತಿತು.

ಜೀವದ ಹುಟ್ಟಿನ ಬಗ್ಗೆ ಓದುವಾಗಲೆಲ್ಲ ನನ್ನ ಮನಸ್ಸು ಈ ಪ್ರಯೋಗಕ್ಕೆ ಮರಳುತ್ತದೆ. ಜೀವವೆಂದರೆ ತನ್ನನ್ನು ತಾನೇ ನಕಲಿಸಿಕೊಳ್ಳುವುದು ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಒಮ್ಮೆ ಹೇಗೋ ಒಂದು ಅಣು ತನ್ನ ಪ್ರತಿಯನ್ನು ತಾನೇ ಮಾಡಿಕೊಂಡಿತು, ಆ ಪ್ರತಿ ಇನ್ನೊಂದನ್ನು ಮಾಡಿತು, ನಡುನಡುವೆ ತಪ್ಪುಗಳಾದವು, ತಪ್ಪುಗಳಲ್ಲಿ ಒಳ್ಳೆಯವು ಉಳಿದವು, ಅದೇ ಬೆಳೆದು ಆಲದ ಮರವೂ ಆನೆಯೂ ಆಯಿತು ಎಂಬುದು ನಾವೆಲ್ಲ ಬಲ್ಲ ಕಥೆ. ಕಥೆಯ ಮೊದಲ ತುದಿಯೂ ಕೊನೆಯ ತುದಿಯೂ ಸರಿ. ನಡುವೆ ಒಂದು ಪ್ರಶ್ನೆ ಉಳಿಯುತ್ತದೆ. ನಕಲಾಗುವುದಷ್ಟೇ ಗುರಿಯಾದರೆ ಅಣು ಏಕೆ ಬೆಳೆಯಬೇಕು? ಇಲಿನಾಯ್‌ನ ಪ್ರನಾಳಗಳಲ್ಲಿ ಅದು ಬೆಳೆಯಲಿಲ್ಲ. ವಿಕಾಸದ ಎಲ್ಲ ನಿಯಮಗಳನ್ನೂ ಪಾಲಿಸುತ್ತಲೇ ಸವೆಯಿತು.

ಇದು ಪ್ರಯೋಗಾಲಯದ ವಿಚಿತ್ರವೇನೂ ಅಲ್ಲ. ನಮ್ಮ ಮನೆಯಲ್ಲಿ ಅಮ್ಮ ರಾತ್ರಿ ಊಟ ಮುಗಿದ ಮೇಲೆ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಬೆರೆಸಿಟ್ಟು ಮಲಗುತ್ತಿದ್ದರು. ನಾಳೆಯ ಹೆಪ್ಪಿಗೆಂದು ಇಂದಿನ ಮೊಸರಿನಲ್ಲಿ ಸ್ವಲ್ಪ ಎತ್ತಿಡುವುದನ್ನು ಯಾವತ್ತೂ ಮರೆತವರಲ್ಲ. ತೀರಿತೆಂದರೆ ಪಕ್ಕದ ಮನೆಯಿಂದ ಹೆಪ್ಪು ಬರುತ್ತಿತ್ತು. ಅವರ ಮನೆಯಲ್ಲಿ ಮುಗಿದಾಗ ನಮ್ಮಲ್ಲಿಂದ ಹೋಗುತ್ತಿತ್ತು. ಸ್ಪೀಗಲ್‌ಮನ್ ಪ್ರನಾಳದಿಂದ ಪ್ರನಾಳಕ್ಕೆ ಮಾಡಿದ್ದನ್ನು ನಮ್ಮ ಅಡುಗೆಮನೆಗಳು ಪಾತ್ರೆಯಿಂದ ಪಾತ್ರೆಗೆ, ತಲೆಮಾರಿನಿಂದ ತಲೆಮಾರಿಗೆ ಮಾಡುತ್ತ ಬಂದಿವೆ. ಹಾಲಿನಲ್ಲಿ ಬ್ಯಾಕ್ಟೀರಿಯಾಕ್ಕೆ ಏನಿಲ್ಲ? ಸಕ್ಕರೆ ಇದೆ, ಪ್ರೋಟೀನ್ ಇದೆ, ಬೇಡುವ ಮೊದಲೇ ಎಲ್ಲ ಇದೆ. ಮೊಸರು ಮಾಡುವ ಬ್ಯಾಕ್ಟೀರಿಯಾಗಳಲ್ಲಿ ಒಂದಾದ ಲ್ಯಾಕ್ಟೋಬ್ಯಾಸಿಲಸ್ ಬಲ್ಗೇರಿಕಸ್‌ನ ಜೀನೋಮನ್ನು 2006ರಲ್ಲಿ ಪೂರ್ತಿ ಓದಿದಾಗ ಅದರ ತುಂಬ ಒಡೆದುಹೋದ ಜೀನ್‌ಗಳು ಸಿಕ್ಕವು. ಹಲವು ಅಮೈನೋ ಆಮ್ಲಗಳನ್ನು ತಾನೇ ತಯಾರಿಸುವ, ಬೇರೆಬೇರೆ ಸಕ್ಕರೆಗಳನ್ನು ಅರಗಿಸುವ ಶಕ್ತಿಯನ್ನು ಅದು ಕಳೆದುಕೊಂಡಿದೆ. ಅದರ ಪೂರ್ವಜರು ಗಿಡಗಳ ಮೇಲೆ ಬದುಕಿದ್ದಿರಬೇಕು. ಇದು ಹಾಲಿನ ಮನೆಯಲ್ಲಿ ನೆಲೆಯಾಗಿ ಹಳೆಯ ಕಸುಬುಗಳನ್ನು ಬಿಟ್ಟಿದೆ.

ಹಾಗಾದರೆ ಜೀವದ ಮೊದಲ ದಿನಗಳಲ್ಲಿ ಏನಾಯಿತು? ಅಲ್ಲಿ ಹೆಪ್ಪು ಹಾಕುವವರಿರಲಿಲ್ಲ, ಕಿಣ್ವವನ್ನು ಮಾಡಿ ಕೊಡುವವರೂ ಇರಲಿಲ್ಲ.

1929ರಲ್ಲಿ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಒಂದು ಚಿಕ್ಕ ಪ್ರಬಂಧ ಬರೆದರು. ಆಮ್ಲಜನಕವಿಲ್ಲದ ಎಳೆಯ ಭೂಮಿಯ ಮೇಲೆ ಸೂರ್ಯನ ನೇರಳಾತೀತ ಕಿರಣಗಳು ಬಿದ್ದು, ಸಮುದ್ರವೇ ಇಂಗಾಲದ ಸಂಯುಕ್ತಗಳ ತೆಳು ಸಾರಾಗಿತ್ತು ಎಂದು ಅವರು ಊಹಿಸಿದರು. ರಷ್ಯಾದ ಅಲೆಕ್ಸಾಂಡರ್ ಒಪಾರಿನ್ 1924ರಲ್ಲೇ ಇಂಥ ವಿಚಾರ ಮುಂದಿಟ್ಟಿದ್ದರು. ಹಾಲ್ಡೇನ್ ಸ್ವತಂತ್ರವಾಗಿ ಅಲ್ಲಿಗೆ ತಲುಪಿದ್ದರು. ಆ ಪ್ರಬಂಧದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಮಾತು ಬೇರೆಯದು. ಬ್ಯಾಕ್ಟೀರಿಯಾಗಳನ್ನು ತಿನ್ನುವ ವೈರಸ್ಸು, ಅಂದರೆ ಬ್ಯಾಕ್ಟೀರಿಯೋಫೇಜ್, ಜಡಕ್ಕೂ ಜೀವಕ್ಕೂ ನಡುವಿನ ಮೆಟ್ಟಿಲಾಗಿರಬಹುದು ಎಂದು ಅವರು ಆಗಲೇ ಗುರುತಿಸಿದ್ದರು. ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಕಲ್ಕತ್ತಕ್ಕೆ ಬಂದರು, ಭಾರತದ ಪೌರರಾದರು, 1964ರ ಡಿಸೆಂಬರಿನಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಮರುವರ್ಷವೇ ಸ್ಪೀಗಲ್‌ಮನ್ ತಂಡ ಒಂದು ಬ್ಯಾಕ್ಟೀರಿಯೋಫೇಜ್‌ನ ಆರ್‌ಎನ್‌ಎಯನ್ನು ಪ್ರನಾಳದಲ್ಲಿ ನಕಲಾಗಿಸಿ ತೋರಿಸಿತು. ಒಂದು ವರ್ಷ ಹೆಚ್ಚು ಬದುಕಿದ್ದರೆ ಆ ಸುದ್ದಿಯನ್ನು ಅವರು ಓದುತ್ತಿದ್ದರಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಅಷ್ಟರಲ್ಲಿ 1953ರ ಷಿಕಾಗೋ ಪ್ರಯೋಗ ಆಗಿಹೋಗಿತ್ತು. ಸ್ಟ್ಯಾನ್ಲಿ ಮಿಲ್ಲರ್ ಮೀಥೇನ್, ಅಮೋನಿಯಾ, ಜಲಜನಕ, ನೀರಾವಿಗಳಲ್ಲಿ ವಿದ್ಯುತ್ ಕಿಡಿ ಹಾಯಿಸಿ ಅಮೈನೋ ಆಮ್ಲಗಳನ್ನು ಪಡೆದದ್ದು ಎಲ್ಲರಿಗೂ ಗೊತ್ತು. 1960ರ ಹೊತ್ತಿಗೆ ಹ್ವಾನ್ ಓರೋ ವಿಷವೆನಿಸಿದ ಹೈಡ್ರೋಜನ್ ಸಯನೈಡಿನಿಂದಲೇ ಅಡೆನಿನ್ ಬರುತ್ತದೆಂದು ತೋರಿಸಿದರು. ಅದು ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದರ ತಿರುಳು. ಕಚ್ಚಾ ಸಾಮಗ್ರಿ ಅಷ್ಟೇನೂ ದುರ್ಲಭವಲ್ಲ. ಅದು ನಕಲಾಗುವ ದಾರಿಯೇ ಕಠಿಣ.

ಇಂದಿನ ಜೀವಕೋಶದಲ್ಲಿ ಡಿಎನ್‌ಎ ಬರಹವನ್ನು ಕಾಯುತ್ತದೆ, ಪ್ರೋಟೀನು ಕೆಲಸ ಮಾಡುತ್ತದೆ. ಡಿಎನ್‌ಎ ನಕಲಾಗಲು ಪ್ರೋಟೀನ್ ಬೇಕು, ಪ್ರೋಟೀನ್ ಆಗಲು ಡಿಎನ್‌ಎ ಬೇಕು. ಯಾವುದು ಮೊದಲು? ಎರಡೂ ಕೆಲಸವನ್ನು ಆರ್‌ಎನ್‌ಎಯೇ ಮಾಡುತ್ತಿದ್ದ ಕಾಲವೊಂದು ಇದ್ದಿರಬಹುದು ಎಂದು ಕಾರ್ಲ್ ವೋಸ್, ಫ್ರಾನ್ಸಿಸ್ ಕ್ರಿಕ್, ಲೆಸ್ಲಿ ಆರ್ಗೆಲ್ 1960ರ ದಶಕದ ಕೊನೆಯಲ್ಲಿ ಊಹಿಸಿದರು. 1982ರಲ್ಲಿ ಥಾಮಸ್ ಚೆಕ್ ಕೊಳದ ನೀರಿನ ಏಕಕೋಶಜೀವಿ ಟೆಟ್ರಾಹೈಮೆನಾದಲ್ಲಿ, ಪ್ರೋಟೀನಿನ ನೆರವಿಲ್ಲದೆ ತನ್ನನ್ನು ತಾನೇ ಕತ್ತರಿಸಿ ಜೋಡಿಸಿಕೊಳ್ಳುವ ಆರ್‌ಎನ್‌ಎಯನ್ನು ಕಂಡರು. ಸಿಡ್ನಿ ಆಲ್ಟ್‌ಮನ್ ಇನ್ನೊಂದನ್ನು ಕಂಡರು. ಇಬ್ಬರಿಗೂ 1989ರ ನೊಬೆಲ್ ಬಂತು. ಆದರೆ ನನ್ನನ್ನು ಪೂರ್ತಿ ಒಪ್ಪಿಸಿದ ಸಾಕ್ಷ್ಯ ರೈಬೋಸೋಮಿನದು. ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್, ಅದಾ ಯೋನಾತ್ 2009ರ ನೊಬೆಲ್ ಹಂಚಿಕೊಂಡದ್ದು ಈ ಯಂತ್ರದ ರಚನೆಯನ್ನು ಬಿಡಿಸಿ ತೋರಿಸಿದ್ದಕ್ಕೆ. ಪ್ರೋಟೀನುಗಳನ್ನೆಲ್ಲ ಹೆಣೆಯುವ ರೈಬೋಸೋಮಿನೊಳಗೆ, ಹೆಣಿಗೆ ನಡೆಯುವ ನಡುತಾಣದಲ್ಲಿ ಕೆಲಸ ಮಾಡುತ್ತಿರುವುದು ಆರ್‌ಎನ್‌ಎ. ಪ್ರೋಟೀನುಗಳು ಬಹುಮಟ್ಟಿಗೆ ಅಂಚಿನಲ್ಲಿವೆ. ಪ್ರೋಟೀನುಗಳ ತಾಯಿ ಪ್ರೋಟೀನ್ ಅಲ್ಲ. ಈ ಸಾಲನ್ನು ಓದುತ್ತಿರುವವರ ಕಣ್ಣಿನ ಕೋಶಗಳಲ್ಲೂ ಆ ಹಳೆಯ ಕೈ ಈ ಕ್ಷಣ ದುಡಿಯುತ್ತಿದೆ.

ಆರ್‌ಎನ್‌ಎ ಬಿಟ್ಟ ಬೇರೆ ಅಣುಗಳೂ ನಕಲಾಗಬಲ್ಲವು. 1986ರಲ್ಲಿ ಜರ್ಮನಿಯ ಗುಂಟರ್ ಫಾನ್ ಕೀಡ್ರೊವ್‌ಸ್ಕಿ ಆರೇ ಅಕ್ಷರಗಳ ಡಿಎನ್‌ಎ ತುಣುಕೊಂದನ್ನು ಕಿಣ್ವವಿಲ್ಲದೆ ನಕಲಾಗಿಸಿದರು. 1996ರಲ್ಲಿ ಕ್ಯಾಲಿಫೋರ್ನಿಯಾದ ರೆಜಾ ಘಾದಿರಿ ತಂಡ 32 ಅಮೈನೋ ಆಮ್ಲಗಳ ಪೆಪ್ಟೈಡ್ ಒಂದರಿಂದ ಅದನ್ನೇ ಮಾಡಿಸಿತು. ಕೀಡ್ರೊವ್‌ಸ್ಕಿಯವರ ಪ್ರಯೋಗದಲ್ಲಿ ಒಂದು ಆಳವಾದ ಪಾಠವಿದೆ. ಮೂರಕ್ಷರದ ಎರಡು ತುಣುಕುಗಳು ಆರಕ್ಷರದ ಅಚ್ಚಿನ ಮೇಲೆ ಪಕ್ಕಪಕ್ಕ ಕೂತು ಬೆಸೆದುಕೊಳ್ಳುತ್ತವೆ. ಹೊಸ ಪ್ರತಿ ಸಿದ್ಧ. ಆದರೆ ಆ ಪ್ರತಿ ಅಚ್ಚನ್ನು ಸುಲಭಕ್ಕೆ ಬಿಟ್ಟು ಏಳುವುದಿಲ್ಲ. ಯಾವ ಸೆಳೆತ ನಕಲನ್ನು ಸಾಧ್ಯ ಮಾಡಿತೋ ಅದೇ ಸೆಳೆತ ಮುಂದಿನ ನಕಲಿಗೆ ಅಡ್ಡ. ಹಾಗಾಗಿ ಅಚ್ಚುಗಳು ನಾಲ್ಕು ಪಟ್ಟಾದರೆ ನಕಲಿನ ವೇಗ ಎರಡೇ ಪಟ್ಟಾಗುತ್ತದೆ. ಇಂಥ ನಿಧಾನದ ಲೋಕದಲ್ಲಿ ಚುರುಕಾದದ್ದು ಮಂದವಾದದ್ದನ್ನು ಸೋಲಿಸಲಾರದು. ಎಲ್ಲವೂ ಒಟ್ಟಿಗೆ ಉಳಿಯುತ್ತವೆ. ಡಾರ್ವಿನ್ ಹೇಳಿದ ಆಯ್ಕೆ ಅಲ್ಲಿ ಶುರುವೇ ಆಗುವುದಿಲ್ಲ. ಅಂಟಿಕೊಳ್ಳುವುದು ಎಷ್ಟು ಬೇಕೋ ಬಿಟ್ಟುಕೊಡುವುದೂ ಅಷ್ಟೇ ಬೇಕು. ಅಣುಗಳಿಗೆ ಇದನ್ನು ಕಲಿಸಿದ್ದು ಬಹುಶಃ ಹಗಲಿನ ಕಾವು, ಇರುಳಿನ ತಂಪು, ತುಂಬಿ ಬತ್ತುವ ಹೊಂಡ. ಪುಣೆಯ ಐಸರ್ ಸಂಸ್ಥೆಯಲ್ಲಿ ಸುಧಾ ರಾಜಮಣಿ ಅವರ ತಂಡ ಇಂಥ ಒಣಗಿ-ನೆನೆಯುವ ಆವರ್ತಗಳಲ್ಲಿ ಆರ್‌ಎನ್‌ಎ ಅಕ್ಷರಗಳೂ ಕೊಬ್ಬಿನ ಅಣುಗಳೂ ಹೇಗೆ ವರ್ತಿಸುತ್ತವೆಂದು ವರ್ಷಗಳಿಂದ ಅಧ್ಯಯನ ಮಾಡುತ್ತಿದೆ.

ಇದಾದ ಮೇಲೆ ತಪ್ಪಿನ ಪ್ರಶ್ನೆ. 1971ರಲ್ಲಿ ಮ್ಯಾನ್‌ಫ್ರೆಡ್ ಐಗೆನ್ ಒಂದು ಲೆಕ್ಕ ಹಾಕಿದರು. ನಕಲು ಮಾಡುವಾಗ ನೂರು ಅಕ್ಷರಕ್ಕೊಂದು ತಪ್ಪಾದರೆ, ಉಳಿಸಿಕೊಳ್ಳಬಹುದಾದ ಬರಹದ ಉದ್ದ ಹೆಚ್ಚುಕಡಿಮೆ ನೂರು ಅಕ್ಷರ. ಅದನ್ನು ಮೀರಿದರೆ ಪೀಳಿಗೆಯಿಂದ ಪೀಳಿಗೆಗೆ ತಪ್ಪುಗಳು ಕೂಡಿಕೊಂಡು ಬರಹವೇ ಕರಗುತ್ತದೆ. ತಪ್ಪು ಕಡಿಮೆ ಮಾಡಬೇಕಾದರೆ ಒಳ್ಳೆಯ ಕಿಣ್ವ ಬೇಕು. ಒಳ್ಳೆಯ ಕಿಣ್ವಕ್ಕೆ ಉದ್ದನೆಯ ಬರಹ ಬೇಕು. ಉದ್ದನೆಯ ಬರಹ ಉಳಿಯಬೇಕಾದರೆ ತಪ್ಪು ಕಡಿಮೆ ಇರಬೇಕು. ಪುಸ್ತಕದಲ್ಲಿ ಓದಿದಾಗ ಇದು ನನಗೆ ಗಣಿತವಾಗಿತ್ತು. 2021ರ ಬೇಸಿಗೆಯಲ್ಲಿ, ಆಪ್ತರೊಬ್ಬರು ಕೊರೊನಾದಿಂದ ತೀರಿಹೋದ ಮನೆಯಲ್ಲಿ ಕುಳಿತು ಡೆಲ್ಟಾ ರೂಪಾಂತರದ ಸುದ್ದಿ ಓದುತ್ತಿದ್ದಾಗ ಅದು ಬೇರೆಯೇ ಆಗಿ ಕಂಡಿತು. ಎಷ್ಟೋ ಆರ್‌ಎನ್‌ಎ ವೈರಸ್ಸುಗಳ ಬರಹ ಹತ್ತು ಸಾವಿರ ಅಕ್ಷರದ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೊರೊನಾ ವೈರಸ್ಸಿನದು ಸುಮಾರು 30,000. ಅಷ್ಟು ಉದ್ದಕ್ಕೆ ಹೋಗಲು ಅದಕ್ಕೆ ಸಾಧ್ಯವಾದದ್ದು ನಕಲನ್ನು ಪರಿಶೀಲಿಸಿ ತಪ್ಪು ಅಕ್ಷರ ಕಿತ್ತುಹಾಕುವ ಕಿಣ್ವವೊಂದು ಅದರ ಬಳಿ ಇರುವುದರಿಂದ. ಹಾಗಿದ್ದೂ ಕೆಲವು ತಪ್ಪುಗಳು ನುಸುಳುತ್ತವೆ, ಅಂಥ ಹಲವು ಕೂಡಿಕೊಂಡು ಡೆಲ್ಟಾ ಆಗುತ್ತದೆ. ಐಗೆನ್ ಗುರುತಿಸಿದ ಆ ಅಂಚು 400 ಕೋಟಿ ವರ್ಷದ ಹಿಂದಿನದಷ್ಟೇ ಅಲ್ಲ, ನಮ್ಮ ಬೀದಿಯಲ್ಲಿ ಆಂಬುಲೆನ್ಸು ನಿಂತಾಗಲೂ ಅದೇ ಅಂಚಿನ ಮೇಲೆ ಏನೋ ನಡೆಯುತ್ತಿತ್ತು. ಅಂದಿನಿಂದ ಜೀವದ ಮೂಲದ ಬಗ್ಗೆ ಓದುವುದು ನನಗೆ ದೂರದ ಕುತೂಹಲವಾಗಿ ಉಳಿದಿಲ್ಲ.

ಈ ಬಿಕ್ಕಟ್ಟಿಗೆ ಪರಾವಲಂಬಿಗಳೂ ಸೇರಿಕೊಳ್ಳುತ್ತವೆ. ನಕಲು ಮಾಡುವ ಅಣು ಒಂದಿದೆ ಎಂದಾದರೆ ಅದರ ಶ್ರಮವನ್ನು ಬಳಸಿಕೊಂಡು ತಾನು ಮಾತ್ರ ನಕಲಾಗುವ ಚಿಕ್ಕ ಅಣುವೂ ಇರುತ್ತದೆ. ಚಿಕ್ಕದಾದಷ್ಟೂ ವೇಗ ಹೆಚ್ಚು. ಇಂದಿಗೂ ಅಂಥವು ನಮ್ಮ ನಡುವೆ ಇವೆ. 1971ರಲ್ಲಿ ಥಿಯೊಡೋರ್ ಡೀನರ್ ಆಲೂಗಡ್ಡೆಯ ರೋಗವೊಂದರ ಕಾರಣ ಹುಡುಕುತ್ತ ಹೋಗಿ ವೈರಾಯ್ಡ್ ಎಂಬುದನ್ನು ಕಂಡರು: 359 ಅಕ್ಷರಗಳ ಬರಿಯ ಆರ್‌ಎನ್‌ಎ ಬಳೆ, ಕವಚವಿಲ್ಲ, ಒಂದು ಪ್ರೋಟೀನಿನ ಬರಹವೂ ಇಲ್ಲ. ಫಿಲಿಪ್ಪೀನ್ಸಿನಲ್ಲಿ ಕೋಟಿಗಟ್ಟಲೆ ತೆಂಗಿನ ಮರಗಳನ್ನು ಕೊಂದ ಕಡಂಗ್-ಕಡಂಗ್ ರೋಗದ ವೈರಾಯ್ಡ್ ಇನ್ನೂ ಚಿಕ್ಕದು, ಸುಮಾರು 246 ಅಕ್ಷರ. ಇಂಥ ಅಣುಗಳು ಆರ್‌ಎನ್‌ಎ ಯುಗದ ಪಳೆಯುಳಿಕೆಗಳಿರಬಹುದು ಎಂದು ಡೀನರ್ ಮುಂದೆ ಸೂಚಿಸಿದರು. ತೆಂಗಿನ ನಾಡಿನವನಾದ ನನಗೆ 246 ಎಂಬ ಆ ಸಂಖ್ಯೆ ಭಯ ಹುಟ್ಟಿಸುತ್ತದೆ. ಒಂದು ಪ್ಯಾರಾದಷ್ಟೂ ಇಲ್ಲದ ಬರಹಕ್ಕೆ ಒಂದು ಮರ ಬಲಿ.

ಇಷ್ಟೆಲ್ಲ ಅಡ್ಡಿಗಳ ನಡುವೆ ನಕಲು ಜೀವವಾದದ್ದು ಹೇಗೆ ಎಂದು ಯೋಚಿಸುವಾಗ ನನಗೆ ದಾರಿ ತೋರಿದ್ದು ಜಪಾನಿನ ಒಂದು ಕೆಲಸ. ಟೋಕಿಯೋ ವಿಶ್ವವಿದ್ಯಾಲಯದ ರ‍್ಯೋ ಮಿಜುಉಚಿ, ನೊರಿಕಾಜು ಇಚಿಹಾಶಿ ಮತ್ತು ಸಂಗಡಿಗರು ತೆಗೆದುಕೊಂಡದ್ದು ಸ್ಪೀಗಲ್‌ಮನ್ ಬಳಸಿದ ಅದೇ ಕ್ಯೂ-ಬೀಟಾ ಕಿಣ್ವ. ಎರಡು ಬದಲಾವಣೆ ಮಾಡಿದರು. ಕಿಣ್ವವನ್ನು ಸಿದ್ಧ ಮಾಡಿ ಹಾಕಲಿಲ್ಲ. ಅದರ ಬರಹವನ್ನು ಆರ್‌ಎನ್‌ಎಯೇ ಹೊತ್ತಿರಬೇಕು, ಆ ಬರಹದಿಂದ ಕಿಣ್ವ ತಯಾರಾದರೆ ಮಾತ್ರ ನಕಲು. ಇನ್ನೊಂದು, ಎಲ್ಲವನ್ನೂ ಒಂದೇ ಪ್ರನಾಳದಲ್ಲಿ ಕಲಸದೆ, ಎಣ್ಣೆಯಲ್ಲಿ ತೇಲುವ ಅತಿಸೂಕ್ಷ್ಮ ನೀರಹನಿಗಳಲ್ಲಿ ಹಂಚಿದರು. ಆಮೇಲೆ ಅದೇ ರೀತಿ ವರ್ಗಾವಣೆ, ಮತ್ತೆ ಮತ್ತೆ. 2022ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಒಂದೇ ಅಣುವಿನಿಂದ ಐದು ವಂಶಗಳು ಕವಲೊಡೆದಿದ್ದವು: ಮೂರು ಕಿಣ್ವದ ಬರಹ ಹೊತ್ತವು, ಎರಡು ಪರಾವಲಂಬಿಗಳು. ಯಾವುದೊಂದೂ ಉಳಿದವನ್ನು ಅಳಿಸಿಹಾಕಲಿಲ್ಲ. ಒಂದರ ಕಿಣ್ವ ಇನ್ನೊಂದಕ್ಕೆ ಒದಗುವ ಜಾಲವೊಂದು ಹೆಣೆದುಕೊಂಡಿತ್ತು.

ಕಿಣ್ವ ಅದೇ, ವಿಧಾನ ಹೆಚ್ಚುಕಡಿಮೆ ಅದೇ. ಇಲಿನಾಯ್‌ನಲ್ಲಿ ಅಣು ಸವೆಯಿತು, ಟೋಕಿಯೋದಲ್ಲಿ ಕವಲೊಡೆಯಿತು. ವ್ಯತ್ಯಾಸ ಮಾಡಿದ್ದು ಹೊಣೆ ಎಂದು ನಾನು ತಿಳಿದಿದ್ದೇನೆ. ತನ್ನ ನಕಲಿಗೆ ಬೇಕಾದ ಸಾಧನವನ್ನು ತಾನೇ ಹೊರಬೇಕಾದಾಗ, ಉದ್ದ ಎಂಬುದು ಕಳಚಿ ಎಸೆಯಬೇಕಾದ ಹೊರೆಯಾಗಿ ಉಳಿಯುವುದಿಲ್ಲ. ಹನಿಯ ಗೋಡೆ ಮಾಡುವ ಕೆಲಸವೂ ಇದೇ ಬಗೆಯದು. ತೆರೆದ ಸಾರಿನಲ್ಲಿ ಒಳ್ಳೆಯ ಕಿಣ್ವ ಮಾಡಿದ ಅಣುವಿಗೆ ಅದರ ಫಲ ಸಿಗುವ ಖಾತರಿಯಿಲ್ಲ. ಫಲ ಯಾರ ಪಾಲಿಗೋ ಹೋಗುತ್ತದೆ. ಹನಿಯೊಳಗೆ ಹಾಗಲ್ಲ. ಪರಾವಲಂಬಿ ಹೆಚ್ಚಿದ ಹನಿ ಬರಡಾಗುತ್ತದೆ, ದುಡಿಯುವವರಿರುವ ಹನಿ ತುಂಬುತ್ತದೆ. ಮಾಡಿದ್ದು ಮಾಡಿದವರಿಗೇ ಮರಳುವಂತೆ ಮಾಡುವುದು ಆ ತೆಳು ಗೋಡೆ. ಎಳೆಯ ಭೂಮಿಯಲ್ಲಿ ಎಣ್ಣೆಯ ಬದಲು ಕೊಬ್ಬಿನ ಆಮ್ಲಗಳ ಗುಳ್ಳೆಗಳಿದ್ದಿರಬೇಕು. 2003ರಲ್ಲಿ ಜ್ಯಾಕ್ ಷೋಸ್ಟಾಕ್ ತಂಡ, ಮಾಂಟ್‌ಮೊರಿಲೊನೈಟ್ ಎಂಬ ಜೇಡಿಮಣ್ಣು ಇಂಥ ಗುಳ್ಳೆಗಳ ಹುಟ್ಟನ್ನು ಚುರುಕುಗೊಳಿಸುವುದನ್ನೂ, ಮಣ್ಣಿಗಂಟಿದ ಆರ್‌ಎನ್‌ಎ ಗುಳ್ಳೆಯೊಳಗೆ ಸೇರುವುದನ್ನೂ ತೋರಿಸಿತು. ಅದೇ ಮಣ್ಣಿನ ಮೇಲೆ ಆರ್‌ಎನ್‌ಎ ಅಕ್ಷರಗಳು ಸರಪಳಿಯಾಗುವುದನ್ನು ಜೇಮ್ಸ್ ಫೆರಿಸ್ ಅದಕ್ಕೂ ಮೊದಲೇ ಕಂಡಿದ್ದರು.

ನಕಲಿಗಿಂತ ಮೊದಲು ಚಯಾಪಚಯ ಬಂತು, ಕಡಲ ತಳದ ಬಿಸಿ ಚಿಲುಮೆಗಳ ಖನಿಜಗಳ ಮೇಲೆ ರಾಸಾಯನಿಕ ಚಕ್ರಗಳು ತಾವಾಗಿ ತಿರುಗತೊಡಗಿದವು ಎನ್ನುವ ಬಲವಾದ ವಾದವೂ ಇದೆ. ಗುಂಟರ್ ವೆಖ್ಟರ್ಸ್‌ಹೌಸರ್, ಮೈಕೆಲ್ ರಸೆಲ್ ಅದಕ್ಕಾಗಿ ದಶಕಗಟ್ಟಲೆ ದುಡಿದರು. ಎರಡು ಪಂಗಡಗಳ ಜಗಳ ನನಗೆ ಅಷ್ಟಾಗಿ ಮುಖ್ಯವೆನಿಸುವುದಿಲ್ಲ. ಬದುಕುವ ದಾರಿಯಿಲ್ಲದ ನಕಲು ಸ್ಪೀಗಲ್‌ಮನ್ನರ ರಾಕ್ಷಸವಾಗುತ್ತದೆ. ನೆನಪಿಲ್ಲದ ಚಕ್ರ ನಿಂತ ದಿನ ಇಲ್ಲವಾಗುತ್ತದೆ. ಎರಡೂ ಒಂದಕ್ಕೊಂದು ಗಂಟುಬಿದ್ದ ತಾಣವನ್ನೇ ಹುಡುಕಬೇಕು.

ಹುಡುಕುವುದಕ್ಕೆ ಕಲ್ಲುಗಳ ನೆರವು ಅಷ್ಟಾಗಿ ಇಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಾವು ಹತ್ತಿ ನಿಲ್ಲುವ ಬಂಡೆಗೆ ಸುಮಾರು 300 ಕೋಟಿ ವರ್ಷ. ನಮ್ಮ ಕಾಲಡಿಯ ಅತಿ ಹಳೆಯ ನೆಲಗಳಲ್ಲಿ ಅದೂ ಒಂದು. ಆದರೆ ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಲ್ಲುಗಳಿಗೆ ಸುಮಾರು 350 ಕೋಟಿ ವರ್ಷ ವಯಸ್ಸು. ಲಾಲ್‌ಬಾಗಿನ ಬಂಡೆ ರೂಪುಗೊಳ್ಳುವ ಹೊತ್ತಿಗೆ ಜೀವ ಆಗಲೇ ಹಳೆಯದಾಗಿತ್ತು. ಮೊದಲ ನಕಲುಗಳ ಗುರುತು ಕಲ್ಲಿನಲ್ಲಿ ಉಳಿಯುವಂಥದ್ದಲ್ಲ. ಆರ್‌ಎನ್‌ಎ ನೀರಿನಲ್ಲಿ ಬಹುಕಾಲ ತಾಳುವುದಿಲ್ಲ. ಹಾಗಾಗಿ ಆ ಕಾಲವನ್ನು ಅರಿಯಲು ಇರುವ ಮುಖ್ಯ ದಾರಿ ಅದನ್ನು ಮತ್ತೊಮ್ಮೆ ನಡೆಸಿ ನೋಡುವುದು.

ಆ ಪ್ರಯತ್ನದಲ್ಲಿ ಜೆರಾಲ್ಡ್ ಜಾಯ್ಸ್ ಅವರಷ್ಟು ಹಟ ಹಿಡಿದವರು ಕಡಿಮೆ. 2009ರಲ್ಲಿ ಅವರು ಟ್ರೇಸಿ ಲಿಂಕನ್ ಜೊತೆಗೂಡಿ ಎರಡು ಆರ್‌ಎನ್‌ಎ ಕಿಣ್ವಗಳನ್ನು ಜೋಡಿ ಮಾಡಿದರು. ಮೊದಲನೆಯದು ಎರಡನೆಯದನ್ನು ಅದರ ತುಣುಕುಗಳಿಂದ ಬೆಸೆಯುತ್ತದೆ, ಎರಡನೆಯದು ಮೊದಲನೆಯದನ್ನು. ತುಣುಕುಗಳನ್ನು ಒದಗಿಸುತ್ತಿದ್ದರೆ ಪ್ರೋಟೀನಿನ ಸಹಾಯವಿಲ್ಲದೆ ಜೋಡಿ ಬೆಳೆಯುತ್ತಲೇ ಹೋಗುತ್ತದೆ. ತನ್ನನ್ನು ತಾನೇ ನಕಲಿಸಿಕೊಳ್ಳುವುದು ಎಂದು ನಾವು ಒಂಟಿ ಅಣುವನ್ನು ಕಲ್ಪಿಸಿಕೊಳ್ಳುತ್ತೇವಲ್ಲ, ಪ್ರೋಟೀನಿಲ್ಲದೆ ಹೀಗೆ ಎಡೆಬಿಡದೆ ಬೆಳೆದ ಮೊದಲ ಆರ್‌ಎನ್‌ಎ ಕಿಣ್ವಗಳು ಸಿಕ್ಕದ್ದು ಜೊತೆಯಾಗಿ.

2024ರಲ್ಲಿ ಸಾಲ್ಕ್ ಸಂಸ್ಥೆಯಿಂದ ಜಾಯ್ಸ್ ತಂಡ ಇನ್ನೊಂದು ಹೆಜ್ಜೆಯನ್ನು ವರದಿ ಮಾಡಿತು. ಆರ್‌ಎನ್‌ಎಯನ್ನು ಅಕ್ಷರಕ್ಷರವಾಗಿ ನಕಲಿಸುವ ಆರ್‌ಎನ್‌ಎ ಕಿಣ್ವವೊಂದನ್ನು ಅವರು ವರ್ಷಗಳ ಕಾಲ ತಿದ್ದಿ ಬೆಳೆಸಿದ್ದಾರೆ. ಅದರ ಕೈಯಲ್ಲಿ ‘ಹ್ಯಾಮರ್‌ಹೆಡ್’ ಎಂಬ ಚಿಕ್ಕ ಕಿಣ್ವವನ್ನು ಸುತ್ತಿನ ಮೇಲೆ ಸುತ್ತು ನಕಲು ಮಾಡಿಸಿದರು. ವೈರಾಯ್ಡ್‌ಗಳ ಪೈಕಿ ಕೆಲವು ತಮ್ಮನ್ನು ಕತ್ತರಿಸಿಕೊಳ್ಳಲು ಬಳಸುವುದು ಈ ಹ್ಯಾಮರ್‌ಹೆಡ್ಡನ್ನೇ. ನಿಖರತೆ ಕಡಿಮೆಯಿದ್ದ ಹಳೆಯ ನಕಲುಗಾರನ ಕೈಯಲ್ಲಿ ಹ್ಯಾಮರ್‌ಹೆಡ್ ತನ್ನ ಕಸುಬನ್ನು ಮರೆಯುತ್ತ ಹೋಯಿತು. ನಿಖರತೆ ಹೆಚ್ಚಿದ ಹೊಸತರ ಕೈಯಲ್ಲಿ ಕಸುಬು ಉಳಿಯಿತು, ಜೊತೆಗೆ ಹೊಸ, ಗಟ್ಟಿ ರೂಪಗಳು ಹುಟ್ಟಿ ಹಳೆಯದರ ಜಾಗ ತೆಗೆದುಕೊಂಡವು. ಐಗೆನ್ನರ ಅಂಚಿನ ಆಚೀಚೆ ಎರಡೂ ಕಡೆ ಏನಾಗುತ್ತದೆಂಬುದನ್ನು ಆರ್‌ಎನ್‌ಎಯೇ ತೋರಿಸಿಕೊಟ್ಟಿತು. ಇನ್ನೂ ಆ ಕಿಣ್ವ ತನ್ನಷ್ಟೇ ಉದ್ದದ, ತನ್ನಷ್ಟೇ ಸಂಕೀರ್ಣವಾದ ಅಣುವನ್ನು, ಅಂದರೆ ತನ್ನನ್ನೇ, ನಕಲಿಸುವ ಮಟ್ಟಕ್ಕೆ ಬಂದಿರಲಿಲ್ಲ. ಕತ್ತರಿಸಬಲ್ಲ ಹ್ಯಾಮರ್‌ಹೆಡ್ ಯಾವುದು, ಮುಂದಿನ ಸುತ್ತಿಗೆ ಯಾವುದು ಹೋಗಬೇಕು ಎಂದು ಆರಿಸುವ ಕೆಲಸವೂ ಸಂಶೋಧಕರ ಕೈಯಲ್ಲೇ ಇತ್ತು. ಆ ಆಯ್ಕೆಯನ್ನು ಅಣುವಿಗೂ ಅದರ ಸುತ್ತಲಿನ ಗೋಡೆಗೂ ಒಪ್ಪಿಸಿ ಮನುಷ್ಯರು ಹಿಂದೆ ಸರಿದು ನಿಲ್ಲುವ ಪ್ರಯೋಗಕ್ಕಾಗಿ ನಾನು ಕಾಯುತ್ತಿದ್ದೇನೆ.